ಭೂಮಿ, ಸಾಲ ಮತ್ತು ಜೀವ ವಿಮೆ: ಗೃಹಸ್ಥ ಶ್ರಾವಕನ ಕರ್ತವ್ಯ



ಕಳೆದ ವರ್ಷದ ಪರ್ವದ ದಿನಗಳಲ್ಲಿ ಸ್ವಾಧ್ಯಾಯ ಮುಗಿದ ಮೇಲೆ ಮಂದಿರದ ಜಗುಲಿಯಲ್ಲಿ ನಾವು ನಾಲ್ಕಾರು ಜನ ಕುಳಿತಿದ್ದಾಗ, ನಿವೇಶನಗಳನ್ನು ಕೊಂಡು ಮಾರುವ ಉದ್ಯೋಗದಲ್ಲಿರುವ ನಮ್ಮ ಸಮಾಜದ ತರುಣರೊಬ್ಬರು ಒಂದು ಪ್ರಶ್ನೆಯನ್ನು ಕೇಳಿದರು. "ಭೂಮಿಯಲ್ಲಿ ಹಣ ಹಾಕುವವನು ಆಜೀವ ವಿಮೆಯನ್ನೂ ಮಾಡಿಸಿರಬೇಕೆಂದು ಏಜೆಂಟರು ಹೇಳುತ್ತಾರೆ. ಕಷ್ಟಕಾಲದಲ್ಲಿ ಅದರ ಮೇಲೆ ಸಾಲ ಪಡೆಯಬಹುದು, ಸತ್ತರೆ ಮನೆಯವರಿಗೆ ಹಣ ಬರುತ್ತದೆ ಎನ್ನುತ್ತಾರೆ. ಆದರೆ ಜೀವಕ್ಕೆ ಬೆಲೆ ಕಟ್ಟಿ ವಿಮೆ ಮಾಡಿಸುವುದು ನಮ್ಮ ಧರ್ಮಕ್ಕೆ ಹೊಂದುತ್ತದೆಯೇ? ಅದೂ ಒಂದು ಮೋಹವಲ್ಲವೇ?" ಎಂಬುದೇ ಆ ಪ್ರಶ್ನೆ.

ಅಲ್ಲಿದ್ದ ಹಿರಿಯರಿಬ್ಬರು ಎರಡು ಉತ್ತರಗಳನ್ನು ಕೊಟ್ಟರು. ಒಬ್ಬರು ಅಶರಣ ಭಾವನೆಯನ್ನು ನೆನಪಿಸಿ, ಮೃತ್ಯುವಿನ ಎದುರು ಜೀವನಿಗೆ ಯಾವ ಆಸರೆಯೂ ಇಲ್ಲವೆಂದು ದಿನವೂ ಚಿಂತಿಸಬೇಕಾದವನು ಕಾಗದದ ಆಸರೆಯನ್ನು ಹುಡುಕುವುದು ತಕ್ಕದ್ದಲ್ಲವೆಂದರು. ಇನ್ನೊಬ್ಬರು, ಮನೆಯಲ್ಲಿದ್ದು ಹೆಂಡತಿ ಮಕ್ಕಳನ್ನು ಸಾಕುವವನಿಗೆ ಮುನಿಗಳ ನಿಯಮವನ್ನು ಹೇಳಬಾರದೆಂದರು. ತರುಣರು ನನ್ನ ಮುಖವನ್ನು ನೋಡಿದರು. ನಾನು ಏನೂ ಹೇಳದೆ ಎದ್ದುಬಂದೆ. ಹೇಳದಿರಲು ಕಾರಣವಿತ್ತು. ಆ ಕಾರಣವನ್ನೂ, ಅಂದಿನಿಂದ ನಾನು ಯೋಚಿಸಿದ ಉತ್ತರವನ್ನೂ ಈ ವಾರ್ಷಿಕೋತ್ಸವದ ಸಂಚಿಕೆಯಲ್ಲಿ ಬರೆಯುತ್ತಿದ್ದೇನೆ. ನಾನು ಪಂಡಿತನಲ್ಲ. ಮೆಟ್ರಿಕ್‌ವರೆಗೆ ಓದಿ ಅಂಗಡಿಯಲ್ಲಿ ಕುಳಿತವನು. ಶಾಸ್ತ್ರದ ಮಾತಿನಲ್ಲಿ ತಪ್ಪಿದ್ದರೆ ಬಲ್ಲವರು ತಿದ್ದಬೇಕು.

ನಮ್ಮ ಪ್ರದೇಶ, ನಮ್ಮ ವ್ಯಾಪಾರ, ನಮ್ಮ ಭೂಮಿ

ಈ ಸೀಮೆಯಲ್ಲಿ ಜೈನ ವ್ಯಾಪಾರಿಗೂ ಭೂಮಿಗೂ ಇರುವ ಸಂಬಂಧ ಬಹಳ ಹಳೆಯದು. ಧರ್ಮಪುರಿಯ ಪ್ರಾಚೀನ ಹೆಸರು ತಗಡೂರು. ಒಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ನೊಳಂಬ ಅರಸ ಮಹೇಂದ್ರನ ಕಾಲದಲ್ಲಿ ನಿಧಿಯಣ್ಣ, ಚಂಡಿಯಣ್ಣ ಎಂಬ ಸೆಟ್ಟಿಯ ಮಕ್ಕಳಿಬ್ಬರು ಅಲ್ಲಿ ಬಸದಿಯನ್ನು ಕಟ್ಟಿಸಿದರೆಂದು ಶಾಸನವು ತಿಳಿಸುತ್ತದೆ. ನಿಧಿಯಣ್ಣನು ಅರಸನಿಂದ ಪಡೆದ ಮೂಲಪಳ್ಳಿ ಎಂಬ ಊರನ್ನು ತನ್ನಲ್ಲಿ ಇಟ್ಟುಕೊಳ್ಳದೆ, ಬಸದಿಯ ಜೀರ್ಣೋದ್ಧಾರಕ್ಕೂ ಪೂಜೆಗೂ ಆಗಲೆಂದು ಕನಕಸೇನ ಸಿದ್ಧಾಂತ ಭಟಾರರಿಗೆ ಒಪ್ಪಿಸಿದನು. ಭೂಮಿಯನ್ನು ಪಡೆದವನು ಹೇಗೆ ಬಿಡಬೇಕೆಂಬುದನ್ನು ಕಲಿಸುವ ಹಿರಿಯರು ನಮಗೆ ಈ ಊರಿನಲ್ಲಿಯೇ ಇದ್ದರು.

ಇಂದು ತಮಿಳು, ಕನ್ನಡ, ಗುಜರಾತಿ, ಮಾರವಾಡಿ ಎಂದು ಮನೆಯೊಳಗಿನ ಮಾತು ಬೇರೆಯಾದರೂ ನಮ್ಮ ಕುಟುಂಬಗಳ ಲೆಕ್ಕದ ಪುಸ್ತಕಗಳು ಬಹುಮಟ್ಟಿಗೆ ಒಂದೇ ರೀತಿ ಇವೆ. ಸೇಲಂನ ಶೆವ್ವಾಪೇಟೆಯ ಬೆಳ್ಳಿ ಕಾಲ್ಗೆಜ್ಜೆಯಾಗಲಿ, ಸಬ್ಬಕ್ಕಿಯಾಗಲಿ, ಬಟ್ಟೆಯಾಗಲಿ, ಧರ್ಮಪುರಿಯ ಹುಣಸೆಯಾಗಲಿ, ವ್ಯಾಪಾರದಲ್ಲಿ ಉಳಿದ ಹಣವು ಕೊನೆಗೆ ಹೋಗಿ ಸೇರುವುದು ಭೂಮಿಯಲ್ಲಿ. ಚಿನ್ನವನ್ನು ಕಳ್ಳರು ಒಯ್ಯಬಹುದು, ಸರಕು ಕೆಡಬಹುದು, ಭೂಮಿ ಮಾತ್ರ ಎಲ್ಲಿಗೂ ಹೋಗದೆಂಬುದು ನಮ್ಮ ತಂದೆಯವರ ಕಾಲದ ನಂಬಿಕೆ.

ಭೂಮಿ ಎಲ್ಲಿಗೂ ಹೋಗುವುದಿಲ್ಲ ಎಂಬುದು ನಿಜ. ಬೇಕಾದ ದಿನ ಅದು ಹಣವಾಗಿ ನಮ್ಮ ಬಳಿಗೂ ಬರುವುದಿಲ್ಲ ಎಂಬುದೂ ಅಷ್ಟೇ ನಿಜ. ಇದಕ್ಕೆ ನಮ್ಮ ಕಣ್ಣೆದುರಿನ ಉದಾಹರಣೆಗಳಿವೆ. 2016ರ ಸೆಪ್ಟೆಂಬರ್ 9ರಂದು ಮದ್ರಾಸ್ ಉಚ್ಚ ನ್ಯಾಯಾಲಯವು, ಅನುಮೋದನೆ ಇಲ್ಲದ ಲೇಔಟುಗಳ ನಿವೇಶನಗಳನ್ನು ನೋಂದಣಿ ಮಾಡಕೂಡದೆಂದು ಆದೇಶಿಸಿತು. ಕೃಷಿಭೂಮಿಯನ್ನು ಮನಬಂದಂತೆ ತುಂಡು ಮಾಡಿ ಮಾರುತ್ತಿದ್ದ ಪದ್ಧತಿಯನ್ನು ತಡೆಯುವುದಕ್ಕಾಗಿ ಬಂದ ಆ ಆದೇಶವು ನ್ಯಾಯವಾದುದೇ. ಆದರೆ ತಮಿಳುನಾಡಿನಾದ್ಯಂತ ಅಂಥ ನಿವೇಶನಗಳಲ್ಲಿ ಹಣ ಹಾಕಿದ್ದವರ ಕೈ ಒಂದೇ ದಿನದಲ್ಲಿ ಕಟ್ಟಿಹೋಯಿತು. ಎರಡು ತಿಂಗಳು ಕಳೆಯುವಷ್ಟರಲ್ಲಿ, ನವೆಂಬರ್ 8ರಂದು, ದೊಡ್ಡ ನೋಟುಗಳ ರದ್ದತಿಯೂ ಬಂದಿತು. ಕ್ರಮಬದ್ಧಗೊಳಿಸುವ ನಿಯಮಗಳು ಹೊರಟದ್ದು 2017ರ ಮೇ ತಿಂಗಳಿನಲ್ಲಿ. ಆ ನಡುವಿನ ಎಂಟು ತಿಂಗಳು ಭೂಮಿ ನಿಂತಲ್ಲಿಯೇ ನಿಂತಿತ್ತು, ಬಡ್ಡಿ ಮಾತ್ರ ನಡೆಯುತ್ತಿತ್ತು.

ಇನ್ನೊಂದು ಉದಾಹರಣೆ 2018ರಲ್ಲಿ ಪ್ರಕಟವಾದ ಸೇಲಂ–ಚೆನ್ನೈ ಎಂಟು ಪಥದ ಹೆದ್ದಾರಿ. ಸುಮಾರು 277 ಕಿಲೋಮೀಟರಿನ ಆ ಮಾರ್ಗದ ಗೆರೆಯು ನಮ್ಮ ಎರಡೂ ಜಿಲ್ಲೆಗಳ ಮೇಲೆ ಹಾಯುತ್ತಿತ್ತು. 2019ರ ಏಪ್ರಿಲ್‌ನಲ್ಲಿ ಉಚ್ಚ ನ್ಯಾಯಾಲಯವು ಭೂಸ್ವಾಧೀನವನ್ನು ರದ್ದುಮಾಡಿತು. 2020ರ ಡಿಸೆಂಬರ್‌ನಲ್ಲಿ ಸರ್ವೋಚ್ಚ ನ್ಯಾಯಾಲಯವು ಯೋಜನೆಗೆ ಅವಕಾಶವಿತ್ತರೂ, ಪಹಣಿಯಲ್ಲಿ ಅದಾಗಲೇ ಮಾಡಿದ್ದ ಬದಲಾವಣೆಗಳನ್ನು ಒಪ್ಪಲಿಲ್ಲ. ಗೆರೆಯ ಒಳಗಿದ್ದ ರೈತನ ಕಷ್ಟ ನಮ್ಮ ಕಷ್ಟಕ್ಕಿಂತ ಎಷ್ಟೋ ದೊಡ್ಡದು. ನಾನು ಹೇಳಬಯಸುವುದು ಇಷ್ಟೇ: ಅನಿತ್ಯ ಭಾವನೆಯು ಭೂಮಿಗೂ ಅನ್ವಯಿಸುತ್ತದೆ.

ನಾನು ಕೊಟ್ಟ ಸಲಹೆ

ಈಗ ನನ್ನ ಮೌನದ ಕಾರಣಕ್ಕೆ ಬರುತ್ತೇನೆ. 2014ರಲ್ಲಿ ನಾವು ಮೂವರು ಮಿತ್ರರು ಸೇರಿ ಧರ್ಮಪುರಿಯ ಸಮೀಪ ಮೂರು ಎಕರೆ ಭೂಮಿಯನ್ನು ಕೊಂಡು ನಿವೇಶನಗಳಾಗಿ ವಿಂಗಡಿಸಿದೆವು. ಅನುಮೋದನೆಯನ್ನು ಆಮೇಲೆ ಪಡೆದರಾಯಿತೆಂದು ಬಿಟ್ಟೆವು. ಅದು ನಮ್ಮ ತಪ್ಪು. ಮೊದಲ ಕೆಲವು ನಿವೇಶನಗಳು ಚೆನ್ನಾಗಿ ಮಾರಾಟವಾದವು. ಲಾಭ ಕಂಡವರಿಗೆ ಇನ್ನಷ್ಟು ಬೇಕೆನಿಸಿತು. 2015ರಲ್ಲಿ ಪಕ್ಕದ ಜಮೀನನ್ನೂ ಕೊಳ್ಳಲು ಮುಂದಾದೆವು.

ನಮ್ಮಲ್ಲಿ ಕಿರಿಯರಾಗಿದ್ದ ಪಾಲುದಾರರ ಬಳಿ ಆಗ ಮುಂಗಡಕ್ಕೆ ಹಣವಿರಲಿಲ್ಲ. ಅವರು 2004ರಲ್ಲಿ ಹತ್ತು ಲಕ್ಷ ರೂಪಾಯಿಯ ಆಜೀವ ಪಾಲಿಸಿಯೊಂದನ್ನು ಮಾಡಿಸಿ, ವರ್ಷಕ್ಕೆ ಸುಮಾರು 28,000 ರೂಪಾಯಿಯಂತೆ ಹನ್ನೊಂದು ವರ್ಷ ತಪ್ಪದೆ ಕಟ್ಟಿದ್ದರು. ಅದನ್ನು ಸರೆಂಡರ್ ಮಾಡಿದರೆ 2 ಲಕ್ಷ 60 ಸಾವಿರ ಬರುವುದೆಂದು ತಿಳಿಯಿತು. ಕಟ್ಟಿದ್ದಕ್ಕಿಂತಲೂ ಅದು ಕಡಿಮೆ. ಅವರು ಹಿಂದೆಮುಂದೆ ನೋಡಿದರು. ಆಗ ನಾನೇ, "ಆ ಹಣ ಅಲ್ಲಿ ಸುಮ್ಮನೆ ಮಲಗಿದೆ. ತೆಗೆದು ಭೂಮಿಗೆ ಹಾಕಿ, ಐದು ವರ್ಷದಲ್ಲಿ ಮೂರು ಪಾಲಾಗುತ್ತದೆ" ಎಂದೆ. ವಯಸ್ಸಿನಲ್ಲಿ ಹಿರಿಯನೆಂದು ಅವರು ನನ್ನ ಮಾತನ್ನು ಕೇಳಿದರು. ಉಳಿದ ಹಣಕ್ಕೆ ಬ್ಯಾಂಕಿನಿಂದ ಆರು ಲಕ್ಷ, ಪ್ರೋನೋಟಿನ ಮೇಲೆ ಎಂಟು ಲಕ್ಷ ಸಾಲ ಮಾಡಿದರು. ಆ ಎಂಟರಲ್ಲಿ ಮೂರು ಲಕ್ಷ ನನ್ನದು.

ಮುಂದಿನ ವರ್ಷ ನೋಂದಣಿ ನಿಂತಿತು. 2017ರ ಫೆಬ್ರವರಿಯಲ್ಲಿ ಆ ಮಿತ್ರರು ಹೃದಯಾಘಾತದಿಂದ ತೀರಿಕೊಂಡರು. ಅವರಿಗಾಗ 47 ವರ್ಷ. ಪಾಲಿಸಿ ಉಳಿದಿದ್ದರೆ ಹತ್ತು ಲಕ್ಷವೂ ಅದರ ಮೇಲಿನ ಬೋನಸೂ ಆ ತಿಂಗಳಿನಲ್ಲಿಯೇ ಮನೆಗೆ ಬರುವ ಹಕ್ಕಿತ್ತು. ಹದಿನಾಲ್ಕು ಲಕ್ಷದ ಸಾಲದಲ್ಲಿ ಹೆಚ್ಚಿನ ಪಾಲು ತೀರುತ್ತಿತ್ತು. ಮನೆಯವರ ಹೆಸರಿನಲ್ಲಿ ನಿವೇಶನಗಳಿದ್ದವು. ಅವುಗಳಿಗೆ ಕಾಗದದ ಮೇಲೆ ಬೆಲೆಯೂ ಇತ್ತು. ಕೊಳ್ಳುವವರು ಮಾತ್ರ ಇರಲಿಲ್ಲ.

ಹದಿಮೂರು ದಿನಗಳಾದ ಮೇಲೆ ನಾನು ಅವರ ಮನೆಗೆ ಹೋದೆ. ಸಾಲದ ಮಾತೆತ್ತಬಾರದೆಂದು ನಿಶ್ಚಯಿಸಿಕೊಂಡೇ ಹೋಗಿದ್ದೆ. ಆ ತಾಯಿಯೇ ಒಂದು ನೋಟುಪುಸ್ತಕವನ್ನು ತಂದು ನನ್ನ ಮುಂದಿಟ್ಟರು. "ಅಣ್ಣಾ, ಅವರು ಯಾರಿಗೆ ಎಷ್ಟು ಕೊಡಬೇಕೋ ನನಗೆ ಸರಿಯಾಗಿ ತಿಳಿಯದು. ನಿಮಗೆ ತಿಳಿದದ್ದನ್ನೆಲ್ಲ ಬರೆದುಕೊಡಿ. ನಿಮ್ಮದನ್ನೂ ಬರೆಯಿರಿ. ಒಬ್ಬರದೂ ನಮ್ಮಲ್ಲಿ ಉಳಿಯಬಾರದು" ಎಂದರು. ನಾನು ಬರೆದುಕೊಟ್ಟೆ. ಪಾಲಿಸಿಯ ಮಾತನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಆಮೇಲಿನದನ್ನು ಚಿಕ್ಕದಾಗಿ ಹೇಳುತ್ತೇನೆ. ಬಳೆಗಳು ಹೋದವು. ಗೋದಾಮನ್ನು ಬಿಟ್ಟುಕೊಟ್ಟರು. ಇಂಜಿನಿಯರಿಂಗ್ ಓದಬೇಕೆಂದಿದ್ದ ಹಿರಿಯ ಮಗಳು ಊರಿನ ಕಾಲೇಜಿನಲ್ಲಿ ಬಿ.ಕಾಂ. ಸೇರಿದಳು. ಶುಲ್ಕ ಕಟ್ಟಿ ನಿವೇಶನಗಳನ್ನು ಕ್ರಮಬದ್ಧಗೊಳಿಸಿ ಮಾರುವಷ್ಟರಲ್ಲಿ 2019 ಬಂದಿತ್ತು. ಇತರರ ಪ್ರೋನೋಟಿನ ಬಡ್ಡಿಯೊಂದೇ ಎರಡು ಲಕ್ಷವನ್ನು ದಾಟಿತ್ತು. ಆ ವರ್ಷದ ದೀಪಾವಳಿಗೆ, ಭಗವಾನ್ ಮಹಾವೀರರ ನಿರ್ವಾಣದ ದಿನಕ್ಕೆ ಮೊದಲು, ಅವರು ಎಲ್ಲರ ಸಾಲವನ್ನೂ ತೀರಿಸಿದರು. ನಾನು ಬಡ್ಡಿಯನ್ನು ಬಿಟ್ಟೆ, ಅಸಲನ್ನು ಪಡೆದೆ. ವ್ಯಾಪಾರದ ನ್ಯಾಯಕ್ಕೆ ಅದು ಸರಿ. ಆದರೆ ಸಲಹೆ ಕೊಟ್ಟವನ ಪಾಲಿನ ನಷ್ಟವನ್ನು ಯಾವ ಖಾತೆಯಲ್ಲಿ ಬರೆಯಬೇಕೆಂಬುದು ನನಗೆ ಇಂದಿಗೂ ತಿಳಿದಿಲ್ಲ.

ಆಜೀವ ವಿಮೆ ಹೇಗೆ ನಡೆಯುತ್ತದೆ

ಪ್ರಶ್ನೆಯನ್ನು ವಿಚಾರಿಸುವ ಮೊದಲು ವಸ್ತುವನ್ನು ತಿಳಿಯಬೇಕು. ಟರ್ಮ್ ಪಾಲಿಸಿಯೆಂಬುದು ಗೊತ್ತುಮಾಡಿದ ವರ್ಷಗಳಿಗೆ ಮಾತ್ರ. ಆ ಅವಧಿಯಲ್ಲಿ ಮರಣ ಸಂಭವಿಸಿದರೆ ಹಣ ಬರುತ್ತದೆ, ಬದುಕಿದ್ದರೆ ಸಾಮಾನ್ಯವಾಗಿ ಏನೂ ಬರುವುದಿಲ್ಲ. ಆದುದರಿಂದ ಅದರ ಪ್ರೀಮಿಯಂ ಬಹಳ ಕಡಿಮೆ. ಆಜೀವ ಪಾಲಿಸಿಯು ಬದುಕಿರುವಷ್ಟು ಕಾಲ, ಈಗಿನ ಪಾಲಿಸಿಗಳಲ್ಲಿ ಸಾಮಾನ್ಯವಾಗಿ 100 ವರ್ಷ ವಯಸ್ಸಿನವರೆಗೆ, ಜಾರಿಯಲ್ಲಿರುತ್ತದೆ. ಪ್ರೀಮಿಯಂ ಹೆಚ್ಚು. ಆದರೆ ಅದರೊಳಗೆ ವರ್ಷದಿಂದ ವರ್ಷಕ್ಕೆ ಒಂದು ನಿಧಿ ಬೆಳೆಯುತ್ತದೆ. ಉದಾಹರಣೆಗೆ ಭಾರತೀಯ ಜೀವ ವಿಮಾ ನಿಗಮವು 2017ರಲ್ಲಿ ಹೊರತಂದ ಜೀವನ್ ಉಮಂಗ್ ಪಾಲಿಸಿಯಲ್ಲಿ, ಪ್ರೀಮಿಯಂ ಕಟ್ಟುವ ಅವಧಿ ಮುಗಿದ ಮೇಲೆ ಮೂಲ ವಿಮಾ ಮೊತ್ತದ ಶೇಕಡಾ 8ರಷ್ಟು ಹಣವು ಪ್ರತಿ ವರ್ಷ ಕೈಗೆ ಬರುತ್ತದೆ. ಹತ್ತು ಲಕ್ಷಕ್ಕೆ ವರ್ಷಕ್ಕೆ 80,000 ರೂಪಾಯಿ.

ಭೂವ್ಯವಹಾರದವರಿಗೆ ಮುಖ್ಯವಾದ ಗುಣ ಇನ್ನೊಂದು. ಬೆಳೆದ ಸರೆಂಡರ್ ಮೌಲ್ಯದ ಮೇಲೆ, ಜಾರಿಯಲ್ಲಿರುವ ಪಾಲಿಸಿಗೆ ಶೇಕಡಾ 90ರ ಸಮೀಪದವರೆಗೂ ಸಾಲ ಸಿಗಬಹುದು. ಪಾಲಿಸಿ ಮುರಿಯುವುದಿಲ್ಲ. ನಿವೇಶನ ಮಾರಾಟವಾಗದ ವರ್ಷದಲ್ಲಿ ಅದನ್ನು ಅಗ್ಗದ ಬೆಲೆಗೆ ಕೊಡದೆ ಕಾಯುವ ಶಕ್ತಿ ಬರುತ್ತದೆ. ತಿಂಗಳಿಗೆ ನೂರಕ್ಕೆ ಒಂದೂವರೆ ರೂಪಾಯಿಯ ಪ್ರೋನೋಟು ಎಂದರೆ ವರ್ಷಕ್ಕೆ ಶೇಕಡಾ 18. ಪಾಲಿಸಿಯ ಸಾಲದ ಬಡ್ಡಿ ಸಾಮಾನ್ಯವಾಗಿ ಅದಕ್ಕಿಂತ ಬಹಳ ಕಡಿಮೆ. ನನ್ನ ಮಿತ್ರರು ಸರೆಂಡರ್ ಮಾಡುವ ಬದಲು ಸಾಲ ಪಡೆದಿದ್ದರೆ ಸುಮಾರು 2 ಲಕ್ಷ 34 ಸಾವಿರ ಸಿಗುತ್ತಿತ್ತು. ಪ್ರೀಮಿಯಂ ಕಟ್ಟುತ್ತ ಹೋಗಿದ್ದರೆ, ಅವರು ತೀರಿಕೊಂಡಾಗ ಆ ಸಾಲವನ್ನೂ ಬಡ್ಡಿಯನ್ನೂ ಕಳೆದು ಏಳು ಲಕ್ಷಕ್ಕೆ ಕಡಿಮೆಯಿಲ್ಲದ ಹಣವೂ ಬೋನಸೂ ಮನೆಗೆ ಬರುತ್ತಿತ್ತು. ಕೇವಲ 26 ಸಾವಿರ ರೂಪಾಯಿ ಹೆಚ್ಚು ಸಿಗುವುದೆಂದು ನಾವು ಅಷ್ಟನ್ನೂ ಕಳೆದೆವು.

ಇದರ ದೋಷಗಳನ್ನೂ ಹೇಳಬೇಕು. ಮೊದಲ ವರ್ಷಗಳಲ್ಲಿ ಪಾಲಿಸಿ ಬಿಟ್ಟರೆ ನಷ್ಟ ಹೆಚ್ಚು. 2024ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ವಿಮಾ ನಿಯಂತ್ರಣ ಪ್ರಾಧಿಕಾರದ ನಿಯಮದಿಂದ, ಒಂದು ಪೂರ್ಣ ವರ್ಷದ ಪ್ರೀಮಿಯಂ ಕಟ್ಟಿದವರಿಗೂ ವಿಶೇಷ ಸರೆಂಡರ್ ಮೌಲ್ಯ ದೊರೆಯುವಂತಾಗಿ ಆ ನಷ್ಟ ಸ್ವಲ್ಪ ತಗ್ಗಿದೆ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಜೀವ ವಿಮೆಯ ಪ್ರೀಮಿಯಂ ಮೇಲಿನ ಜಿ.ಎಸ್.ಟಿ. ತೆರಿಗೆಯನ್ನೂ ತೆಗೆಯಲಾಗಿದೆ. ಆದರೂ ಲಾಭದ ದೃಷ್ಟಿಯಿಂದ ಮಾತ್ರ ನೋಡಿದರೆ ಆಜೀವ ವಿಮೆಯು ನಿಧಾನವಾಗಿ ಬೆಳೆಯುವ ವಸ್ತು. ಅದನ್ನು ಲಾಭಕ್ಕೆಂದು ಮಾಡಿಸಿದವನು ಬೇಸರಪಡುತ್ತಾನೆ.

ಧರ್ಮದ ಆಕ್ಷೇಪಗಳು

ಮೊದಲನೆಯದು ಅಶರಣ ಭಾವನೆಯ ಆಕ್ಷೇಪ. ಅಂದು ಹಿರಿಯರು ಹೇಳಿದ ಮಾತು ಸತ್ಯವೇ. ಯಾವ ಪಾಲಿಸಿಯೂ ಆಯುಷ್ಯವನ್ನು ಒಂದು ಗಳಿಗೆಯಷ್ಟೂ ಬೆಳೆಸದು. ಆದರೆ ಆ ಭಾವನೆಯನ್ನು ನಾವು ಚಿಂತಿಸಬೇಕಾದದ್ದು ನಮ್ಮ ಆತ್ಮದ ವಿಷಯದಲ್ಲಿ. "ನನಗೆ ಯಾರೂ ಆಸರೆಯಿಲ್ಲ" ಎಂದು ತಿಳಿಯುವುದು ವೈರಾಗ್ಯ. "ನನ್ನ ಮಕ್ಕಳಿಗೆ ಯಾರೂ ಆಸರೆಯಾಗಬೇಕಿಲ್ಲ" ಎಂದು ಬಿಡುವುದು ಅನುಕಂಪೆಯ ಕೊರತೆ. ಸಾವು ಯಾವಾಗ ಬರುವುದೆಂದು ತಿಳಿಯದೆಂಬ ಅರಿವು ನಿಜವಾಗಿಯೂ ಮನಸ್ಸಿನಲ್ಲಿದ್ದರೆ, ಆ ದಿನಕ್ಕೆ ಇತರರ ಋಣವನ್ನು ಸಿದ್ಧಮಾಡಿಡುವವನೇ ಅದನ್ನು ನಂಬಿದವನು. ನಾವು ಮೂವರು ಪಾಲುದಾರರು ಅನಿತ್ಯ ಭಾವನೆಯನ್ನು ಪ್ರತಿ ಪರ್ವದಲ್ಲಿಯೂ ಕೇಳಿದ್ದೆವು. ವ್ಯವಹಾರದಲ್ಲಿ ಮಾತ್ರ ನೂರು ವರ್ಷ ಬದುಕುವವರಂತೆ ಸಾಲ ಮಾಡಿದೆವು.

ಎರಡನೆಯದು ಇದಕ್ಕಿಂತ ಗಂಭೀರವಾದುದು. ರೌದ್ರ ಧ್ಯಾನದ ನಾಲ್ಕು ಭೇದಗಳಲ್ಲಿ ಕೊನೆಯದಾಗಿ ವಿಷಯ ಸಂರಕ್ಷಣೆಯನ್ನು, ಅಂದರೆ ತನ್ನ ಸೊತ್ತನ್ನು ಕಾಯುವುದರಲ್ಲಿಯೇ ಮನಸ್ಸು ಉರಿಯುತ್ತಿರುವುದನ್ನು, ಆಚಾರ್ಯರು ಹೇಳಿದ್ದಾರೆ. ವಿಮೆಯು ಅದೇ ಅಲ್ಲವೇ? ಇದಕ್ಕೆ ನನ್ನ ಉತ್ತರ: ಅದು ಆಗಬಹುದು, ಆಗದಿರಲೂಬಹುದು. ವಸ್ತುವು ಇದ್ದ ಮಾತ್ರಕ್ಕೆ ಪರಿಗ್ರಹವಾಗದು, ಅದರಲ್ಲಿರುವ ಮೂರ್ಛೆಯಿಂದ ಪರಿಗ್ರಹವಾಗುತ್ತದೆಂದು ಉಮಾಸ್ವಾತಿ ಆಚಾರ್ಯರ ತತ್ತ್ವಾರ್ಥಸೂತ್ರದಿಂದ ತಿಳಿಯುತ್ತೇವೆ. ಪಾಲಿಸಿಯ ಮೇಲೆ ಸಾಲ ಪಡೆದು ಇನ್ನೊಂದು ನಿವೇಶನ, ಅದನ್ನು ಅಡವಿಟ್ಟು ಮತ್ತೊಂದು ಎಂದು ಹೋಗುವವನ ವಿಮೆ ಮೂರ್ಛೆಯ ಕೈಗೆ ಸಿಕ್ಕ ಉಪಕರಣ. ಹೀಗೆ ಮಾಡಿ ದೊಡ್ಡವರಾಗಬಹುದೆಂದು ಕಲಿಸುವವರೂ ಇದ್ದಾರೆ. ಕಷ್ಟಕಾಲಕ್ಕೆಂದು ಇಟ್ಟ ಅಕ್ಕಿಯನ್ನು ಬಿತ್ತಿ ಬೆಳೆಯುತ್ತೇನೆಂದು ಹೊರಟವನಿಗೆ ಮಳೆ ಬಾರದ ವರ್ಷದಲ್ಲಿ ಅಕ್ಕಿಯೂ ಇಲ್ಲ, ಬೆಳೆಯೂ ಇಲ್ಲ.

ಆದುದರಿಂದ ಪರಿಗ್ರಹ ಪರಿಮಾಣ ವ್ರತದ ಕಡೆಗೆ ಹಿಂತಿರುಗಬೇಕು. ಆ ವ್ರತದ ಅತಿಚಾರಗಳನ್ನು ಎಣಿಸುವಾಗ ಸೂತ್ರಕಾರರು ಬೆಳ್ಳಿ ಚಿನ್ನಕ್ಕೂ, ಧನಧಾನ್ಯಕ್ಕೂ ಮೊದಲು ಹೇಳಿರುವುದು ಕ್ಷೇತ್ರ ವಾಸ್ತುವನ್ನು, ಅಂದರೆ ಹೊಲ ಮನೆಗಳ ಮಿತಿಯನ್ನು ಮೀರುವುದನ್ನು. ಸಮಂತಭದ್ರಾಚಾರ್ಯರು ರತ್ನಕರಂಡ ಶ್ರಾವಕಾಚಾರದಲ್ಲಿ ಇದೇ ವ್ರತದ ದೋಷಗಳಲ್ಲಿ ಅತಿಸಂಗ್ರಹವನ್ನೂ ಲೋಭವನ್ನೂ ಸೇರಿಸಿದ್ದಾರೆ. ಪಾಲಿಸಿಯ ಹಣವೂ ಧನವೇ ಆದುದರಿಂದ ವ್ರತ ತೆಗೆದುಕೊಂಡವರು ಅದನ್ನೂ ಮಿತಿಯೊಳಗೆ ಲೆಕ್ಕಕ್ಕೆ ಹಿಡಿಯಬೇಕೆಂದು ನಾನು ತಿಳಿದಿದ್ದೇನೆ.

ಮೂರನೆಯದಾಗಿ ಅಚೌರ್ಯದ ದೃಷ್ಟಿ. ಸಾಲ ಮಾಡಿ ತೀರಿಸದೆ ಹೋದವನು ಕಳ್ಳನಲ್ಲ. ಆದರೆ ತೀರಿಸುವ ಯಾವ ದಾರಿಯನ್ನೂ ಇಡದೆ, ಭೂಮಿಯ ಬೆಲೆ ಏರುವುದೆಂಬ ನಂಬಿಕೆಯೊಂದರ ಮೇಲೆ ಇನ್ನೊಬ್ಬರ ಉಳಿತಾಯವನ್ನು ಪಣಕ್ಕಿಟ್ಟವನು ಆ ವ್ರತದ ಗಡಿಯ ಸಮೀಪವೇ ನಡೆಯುತ್ತಿದ್ದಾನೆ. ಪ್ರೋನೋಟಿನ ಹಣ ಕೊಟ್ಟವರೆಲ್ಲ ಶ್ರೀಮಂತರಲ್ಲ. ನನ್ನ ಮಿತ್ರರಿಗೆ ಸಾಲ ಕೊಟ್ಟವರಲ್ಲಿ ಪಿಂಚಣಿಯ ಹಣವನ್ನು ಕೊಟ್ಟ ಮುದುಕರೊಬ್ಬರೂ ಇದ್ದರು.

ವಿಮೆಯ ಮೂಲದಲ್ಲಿ ಒಂದು ಒಳ್ಳೆಯ ತತ್ತ್ವವೂ ಇದೆ. ಅನೇಕರು ಸ್ವಲ್ಪ ಸ್ವಲ್ಪ ಕೊಟ್ಟು, ಅವರಲ್ಲಿ ಯಾರೋ ಒಬ್ಬರ ಮನೆಗೆ ಬಂದ ಕಷ್ಟವನ್ನು ಹೊರುವುದೇ ಅದು. 2500ನೆಯ ನಿರ್ವಾಣ ಮಹೋತ್ಸವದ ಕಾಲದಲ್ಲಿ ಎಲ್ಲ ಪಂಥಗಳೂ ಒಪ್ಪಿಕೊಂಡ ಜೈನ ಲಾಂಛನದ ಕೆಳಗೆ, ಜೀವರು ಪರಸ್ಪರ ಉಪಕಾರಕ್ಕಾಗಿ ಇದ್ದಾರೆಂಬ ಅರ್ಥದ ಸೂತ್ರವೇ ಇದೆಯಲ್ಲವೇ? ಆದರೆ ಅನೇಕಾಂತ ದೃಷ್ಟಿಯುಳ್ಳವರು ಇನ್ನೊಂದು ಮುಖವನ್ನೂ ನೋಡಬೇಕು. ವಿಮಾ ಸಂಸ್ಥೆಯು ನಮ್ಮ ಹಣವನ್ನು ಎಲ್ಲೆಲ್ಲಿ ತೊಡಗಿಸುತ್ತದೆಂಬುದು ನಮ್ಮ ಕೈಯಲ್ಲಿಲ್ಲ. ಜೀವ ವಿಮಾ ನಿಗಮವು ಸಿಗರೇಟು ತಯಾರಿಸುವ ಐ.ಟಿ.ಸಿ. ಕಂಪನಿಯ ದೊಡ್ಡ ಷೇರುದಾರರಲ್ಲಿ ಒಂದು. ಬ್ಯಾಂಕಿನಲ್ಲಿಟ್ಟ ಹಣಕ್ಕೂ ಇದೇ ಮಾತು. ಗಿಡ ಕಡಿದು ನೆಲ ಸಮ ಮಾಡುವ ಲೇಔಟಿನಲ್ಲಿಯೂ ಜೀವಹಾನಿಯಿದೆ. ಪೂರ್ಣವಾಗಿ ನಿರ್ದೋಷವಾದ ದಾರಿ ಗೃಹಸ್ಥನಿಗಿಲ್ಲ. ಕಡಿಮೆ ದೋಷದ ದಾರಿಯನ್ನು ಎಚ್ಚರದಿಂದ ಆರಿಸುವುದಷ್ಟೇ ಅವನ ಪಾಲಿಗಿದೆ.

ಕಾನೂನೂ ಭಾವವನ್ನು ಕೇಳುತ್ತದೆ

ನಮ್ಮವರಲ್ಲಿ ಅನೇಕರಿಗೆ ತಿಳಿಯದ ಹಳೆಯ ಕಾನೂನೊಂದಿದೆ. ಅದು 1874ರ ವಿವಾಹಿತ ಮಹಿಳೆಯರ ಆಸ್ತಿ ಅಧಿನಿಯಮ. ಅದರ 6ನೆಯ ಪ್ರಕರಣದಂತೆ, ಗಂಡನು ತನ್ನ ಜೀವದ ಮೇಲೆ ಹೆಂಡತಿ ಮಕ್ಕಳ ಹಿತಕ್ಕೆಂದು ಪಾಲಿಸಿಯಲ್ಲಿಯೇ ನಮೂದಿಸಿ ವಿಮೆ ಮಾಡಿಸಿದರೆ, ಅದು ಅವರ ಪರವಾದ ಟ್ರಸ್ಟ್ ಆಗುತ್ತದೆ. ಅವನಿಗೆ ಸಾಲ ಕೊಟ್ಟವರಿಗೆ ಅದರ ಮೇಲೆ ಹಕ್ಕಿಲ್ಲ. ಈ ಅನುಕೂಲವು ಹಿಂದೂ, ಮುಸಲ್ಮಾನ, ಸಿಖ್ಖರೊಡನೆ ಜೈನರಿಗೂ ಉಂಟೆಂದು 1923ರ ತಿದ್ದುಪಡಿಯಲ್ಲಿ ಹೆಸರು ಹಿಡಿದು ಹೇಳಲಾಗಿದೆ. ಮದ್ರಾಸಿನಲ್ಲಿ ಮಾತ್ರ 1913ರ ಡಿಸೆಂಬರ್ 31ರ ನಂತರ ಮಾಡಿಸಿದ ಪಾಲಿಸಿಗಳಿಗೇ ಅದು ಅನ್ವಯಿಸಿತು. ನಮ್ಮ ಸೇಲಂ ಜಿಲ್ಲೆ, ಅಂದು ಅದರೊಳಗೇ ಇದ್ದ ಧರ್ಮಪುರಿಯೊಡನೆ, ಆ ಮದ್ರಾಸ್ ಪ್ರಾಂತದ್ದು. ಧರ್ಮಪುರಿ ಬೇರೆ ಜಿಲ್ಲೆಯಾದದ್ದು 1965ರಲ್ಲಿ.

ಹಾಗಾದರೆ ಸಾಲ ಮಾಡಿ, ಆ ಹಣವನ್ನು ಪಾಲಿಸಿಯಲ್ಲಿ ಅಡಗಿಸಿ, ಸಾಲ ಕೊಟ್ಟವರಿಗೆ ಕೈ ತೋರಿಸಬಹುದೇ? ಆಗದು. ಸಾಲ ಕೊಟ್ಟವರನ್ನು ವಂಚಿಸುವ ಉದ್ದೇಶದಿಂದ ಮಾಡಿಸಿದ ಪಾಲಿಸಿಗೆ ಈ ರಕ್ಷಣೆಯು ಅಡ್ಡಬರುವುದಿಲ್ಲವೆಂದು ಅದೇ ಪ್ರಕರಣದಲ್ಲಿದೆ. ಒಂದೇ ಕಾಗದ, ಒಂದೇ ಮೊತ್ತ. ಉದ್ದೇಶ ಬೇರೆಯಾದರೆ ಫಲ ಬೇರೆ. ಕರ್ಮಬಂಧಕ್ಕೆ ಭಾವವೇ ಕಾರಣವೆಂದು ನಾವು ಕೇಳುತ್ತ ಬಂದದ್ದನ್ನು ಕಾನೂನು ತನ್ನ ಮಾತಿನಲ್ಲಿ ಹೇಳಿದೆ.

ಆಚರಣೆಗೆ ಕೆಲವು ಮಾತುಗಳು

ಹೇಮಚಂದ್ರಾಚಾರ್ಯರು ತಮ್ಮ ಯೋಗಶಾಸ್ತ್ರದ ವೃತ್ತಿಯಲ್ಲಿ ಗೃಹಸ್ಥನ ಆದಾಯವನ್ನು ನಾಲ್ಕು ಪಾಲು ಮಾಡುವ ನೀತಿಯನ್ನು ಉದ್ಧರಿಸುತ್ತಾರೆ. ಒಂದು ಪಾಲು ನಿಧಿಗೆ, ಒಂದು ವ್ಯಾಪಾರಕ್ಕೆ, ಒಂದು ಧರ್ಮಕ್ಕೂ ಸ್ವಂತ ಉಪಭೋಗಕ್ಕೂ, ಒಂದು ತನ್ನನ್ನು ನಂಬಿದವರ ಪೋಷಣೆಗೆ. ನಾವು ಮಾಡಿದ ತಪ್ಪನ್ನು ಈ ಲೆಕ್ಕದಲ್ಲಿ ನೋಡಿದರೆ ಸ್ಪಷ್ಟವಾಗುತ್ತದೆ. ನಿಧಿಯ ಪಾಲನ್ನೂ, ನಂಬಿದವರ ಪಾಲನ್ನೂ ತೆಗೆದು ವ್ಯಾಪಾರದ ಪಾಲಿಗೆ ಸೇರಿಸಿದೆವು. ಈ ನೀತಿಯನ್ನು ಮುಂದಿಟ್ಟುಕೊಂಡು, ಭೂವ್ಯವಹಾರದಲ್ಲಿರುವ ನಮ್ಮ ತರುಣರಿಗೆ ಐದು ಮಾತುಗಳನ್ನು ಹೇಳಬಯಸುತ್ತೇನೆ.

ಒಂದು: ಮೊದಲು ಭೂಮಿಯ ಮಿತಿಯನ್ನು ಗೊತ್ತುಮಾಡಿ, ಆಮೇಲೆ ವಿಮೆಯ ಮಾತು. ಅನುಮೋದನೆ ಇಲ್ಲದ ನಿವೇಶನವನ್ನು ಕೊಳ್ಳಲೂಬೇಡಿ, ಮಾರಲೂಬೇಡಿ.

ಎರಡು: ಎಷ್ಟು ಸಾಲವಿದೆಯೋ ಅಷ್ಟಕ್ಕಾದರೂ, ಸಾಲ ತೀರುವ ವರ್ಷದವರೆಗೆ, ಕಡಿಮೆ ಪ್ರೀಮಿಯಂನ ಟರ್ಮ್ ವಿಮೆ ಇರಲಿ. ಇದು ಸಾಲ ಕೊಟ್ಟವರಿಗೆ ನಾವು ಸಲ್ಲಿಸುವ ಮರ್ಯಾದೆ.

ಮೂರು: ವರ್ಷವರ್ಷವೂ ತಪ್ಪದೆ ಕಟ್ಟಬಲ್ಲಷ್ಟು ಮಾತ್ರ ಆಜೀವ ವಿಮೆ ಮಾಡಿಸಿ, ಅದನ್ನು ನಿಧಿಯ ಪಾಲೆಂದು ತಿಳಿಯಿರಿ. ಅದರ ಮೇಲಿನ ಸಾಲವನ್ನು ಆಸ್ಪತ್ರೆ, ಮಕ್ಕಳ ಓದು, ಮಾರಾಟವಾಗದ ವರ್ಷದ ಬಡ್ಡಿ ಇವುಗಳಿಗೆ ತೆಗೆಯಿರಿ. ಹೊಸ ಭೂಮಿಗೆ ತೆಗೆಯಬೇಡಿ.

ನಾಲ್ಕು: ಹೆಂಡತಿ ಮಕ್ಕಳಿಗೆಂದು ಮೀಸಲಾದ ಪಾಲಿಸಿಯೊಂದನ್ನು 1874ರ ಕಾನೂನಿನಂತೆ, ಮಾಡಿಸುವಾಗಲೇ ಬರೆಸಿ, ಪ್ರತ್ಯೇಕವಾಗಿಡಿ. ಅದನ್ನು ಮುಂದೆ ನಿಮ್ಮ ವ್ಯಾಪಾರಕ್ಕೆ ಬಳಸಲಾಗದು. ಆ ಕಟ್ಟು ಇರುವುದೇ ಒಳ್ಳೆಯದು. ಅಂಥ ಕಟ್ಟು ಇದ್ದಿದ್ದರೆ ನನ್ನಂಥವನ ಸಲಹೆ ನನ್ನ ಮಿತ್ರರಿಗೆ ಕೇಡು ಮಾಡುತ್ತಿರಲಿಲ್ಲ.

ಐದು: ಯಾರಿಗೆ ಎಷ್ಟು ಕೊಡಬೇಕು, ಯಾರಿಂದ ಎಷ್ಟು ಬರಬೇಕು, ಪಾಲಿಸಿ ಎಲ್ಲಿದೆ, ಕ್ರಯಪತ್ರ ಎಲ್ಲಿದೆ ಎಂಬುದನ್ನು ಮನೆಯ ಹೆಂಗಸರಿಗೆ ತಿಳಿಸಿ ಬರೆದಿಡಿ. ಪ್ರತಿ ವರ್ಷ ದೀಪಾವಳಿಯಲ್ಲಿ ಹೊಸ ಲೆಕ್ಕ ತೆರೆಯುವಾಗ ಆ ಪಟ್ಟಿಯನ್ನೂ ತಿದ್ದಿ. ಇದಕ್ಕೆ ಯಾವ ಖರ್ಚೂ ಇಲ್ಲ.

ಮುಕ್ತಾಯ

ಜಗುಲಿಯಲ್ಲಿ ಪ್ರಶ್ನೆ ಕೇಳಿದ ತರುಣರಿಗೆ ಈಗ ನನ್ನ ಉತ್ತರ ಇದು. ವಿಮೆ ಧರ್ಮವೂ 아니, ಅಧರ್ಮವೂ 아니 ಎಂದು ನುಣುಚಿಕೊಳ್ಳಲಾರೆ. ಸಾಲ ಮಾಡಿ ಭೂಮಿ ಕೊಳ್ಳುವ ಗೃಹಸ್ಥನಿಗೆ, ತನ್ನ ಸಾಲಕ್ಕೂ ತನ್ನನ್ನು ನಂಬಿದವರಿಗೂ ತಕ್ಕಷ್ಟು ವಿಮೆ ಮಾಡಿಸುವುದು ಕರ್ತವ್ಯ. ಅದಕ್ಕಿಂತ ಹೆಚ್ಚಿನದು ಆಸೆ. ಆಸೆಗೆ ವಿಮೆಯ ಹೆಸರಿಟ್ಟರೂ ಅದು ಆಸೆಯೇ. ಸಾಲವನ್ನೇ ಮಾಡದೆ ಮಿತಿಯಲ್ಲಿ ಬಾಳಬಲ್ಲವನು ಇವರಿಬ್ಬರಿಗಿಂತಲೂ ನಿಶ್ಚಿಂತನು.

ಹಿಂದಿನ ಕ್ಷಮಾವಾಣಿಯ ದಿನ, ನಮ್ಮಲ್ಲಿ ಕೆಲವರು ಸಂವತ್ಸರಿಯೆಂದು ಆಚರಿಸುವ ಕ್ಷಮೆಯ ಸಂದರ್ಭದಲ್ಲಿ, ನಾನು ಆ ತಾಯಿಯ ಮನೆಗೆ ಹೋಗಿ ಕೈಮುಗಿದು, ಪಾಲಿಸಿಯನ್ನು ಸರೆಂಡರ್ ಮಾಡಿಸಿದವನು ನಾನೇ ಎಂದು ಹೇಳಿದೆ. ಅಷ್ಟು ವರ್ಷ ಹೇಳದೆ ಉಳಿದಿದ್ದ ಮಾತು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವರು ಅಂದೇ ಹೇಳಿದ್ದರು ಅಣ್ಣಾ. ನನಗೆ ಮೊದಲಿನಿಂದ ಗೊತ್ತಿತ್ತು" ಎಂದರು. ತಿಳಿದಿದ್ದೂ ಅವರು ಆ ನೋಟುಪುಸ್ತಕದಲ್ಲಿ ನನ್ನ ಮೂರು ಲಕ್ಷವನ್ನು ಬರೆಸಿದ್ದರು, ತೀರಿಸಿದ್ದರು. ಅಚೌರ್ಯ ವ್ರತವೆಂದರೇನೆಂದು ಯಾರಾದರೂ ಕೇಳಿದರೆ ನಾನು ಆ ಮನೆಯನ್ನು ತೋರಿಸುತ್ತೇನೆ.

ಈ ಬರಹದಲ್ಲಿ ಯಾರ ಮನಸ್ಸಿಗಾದರೂ ನೋವಾಗಿದ್ದರೆ ಮಿಚ್ಛಾಮಿ ದುಕ್ಕಡಂ.

ಜೈ ಜಿನೇಂದ್ರ.